ಏಳು ಕೆಜಿ ಚಿಕ್ಕಮ್ಮ

ತನಗೆ ಈ ಭೂಮಿಯ ಮೇಲಿರುವ ಆಸ್ತಿಯೆಲ್ಲ ಬೆನ್ನಿಗೆ ಹಾಕಿಕೊಳ್ಳುವ ಒಂದು ಬ್ಯಾಗಿನಲ್ಲಿ ಹಿಡಿಸುತ್ತದೆ, ಅದರ ತೂಕ ಏಳೇ ಕೆಜಿ ಎಂದು ನಮ್ಮ ಚಿಕ್ಕಮ್ಮ ಊರೆಲ್ಲ ಹೇಳಿಕೊಂಡು ಬರುತ್ತಾಳೆ. ಅವಳ ಮಾತನ್ನು ನೀವು ದಯವಿಟ್ಟು ನಂಬಬೇಡಿ. ಉಳಿದ ಎಪ್ಪತ್ತು ಕೆಜಿ ನಮ್ಮ ಮನೆಯ ಅಟ್ಟದ ಮೇಲಿತ್ತು!

ಅವಳು ನಮ್ಮಮ್ಮನ ಕೊನೆಯ ತಂಗಿ. ವಯಸ್ಸು ಐವತ್ತೈದು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಲಗೇಜು ಜಾಸ್ತಿ ಆಗುತ್ತೆ ಕಣ್ರೀ" ಎನ್ನುತ್ತಾಳೆ. ಮಿಕ್ಸಿ, ಗೀಸರ್, ಫ್ಯಾನುಗಳ ಡಬ್ಬದಲ್ಲಿ ಒಂದು ಪುಟ್ಟ ಪುಸ್ತಕ ಇರುತ್ತದಲ್ಲ, ನಾವ್ಯಾರೂ ಓದದೆ ಎಸೆಯುವಂಥದ್ದು? ಅದನ್ನು ಕನ್ನಡಕ್ಕೆ ತರುವುದು ಅವಳ ಕೆಲಸ. ಲ್ಯಾಪ್‌ಟಾಪು, ಇಂಟರ್ನೆಟ್ಟು ಇದ್ದರೆ ಕೂತಲ್ಲೇ ಆಫೀಸು. ನಾಲ್ಕು ವರ್ಷದ ಹಿಂದೆ ಚಾಮರಾಜಪೇಟೆಯ ಬಾಡಿಗೆ ಕೋಣೆಯನ್ನು ಬಿಟ್ಟವಳು, ಅಲ್ಲಿದ್ದ ಸಾಮಾನನ್ನೆಲ್ಲ ನಮ್ಮ ಅಟ್ಟಕ್ಕೇರಿಸಿ, ಒಂದೂರಲ್ಲಿ ಎರಡು ತಿಂಗಳು, ಇನ್ನೊಂದೂರಲ್ಲಿ ಮೂರು ತಿಂಗಳು ಎಂದು ಹೊರಟೇಬಿಟ್ಟಳು. ನಡುನಡುವೆ ನಾಲ್ಕಾರು ದಿನ ಬಸವನಗುಡಿಯ ನಮ್ಮ ಮನೆಯಲ್ಲಿರುತ್ತಿದ್ದಳು. ಹೋಗುವಾಗ ಏನಾದರೊಂದನ್ನು ಬ್ಯಾಗಿನಿಂದ ತೆಗೆದು, "ಇಟ್ಟಿರು ಪುಟ್ಟಿ, ಬಂದಾಗ ಬೇಕಾಗುತ್ತೆ" ಎಂದು ನನ್ನ ಕೈಗಿಡುತ್ತಿದ್ದಳು. ಹೀಗೆ ಅಟ್ಟ ಇನ್ನಷ್ಟು ತುಂಬುತ್ತಾ ಬಂತು. ಅದೇನೂ ದೊಡ್ಡ ತೊಂದರೆಯಾಗಿರಲಿಲ್ಲ. ಆದರೆ ಈ ವರ್ಷ ಓನರು ಮನೆ ಕೆಡವಿ ಹೊಸದು ಕಟ್ಟಿಸುತ್ತೇನೆಂದರು. ನಮಗೆ ಸಿಕ್ಕಿದ್ದು ಮಲ್ಲೇಶ್ವರದ ಮೂರನೇ ಮಹಡಿಯಲ್ಲಿ ಒಂದು ಸಣ್ಣ ಫ್ಲ್ಯಾಟು. ಅದಕ್ಕೆ ಅಟ್ಟವೇ ಇಲ್ಲ! ಈಗ ಚಿಕ್ಕಮ್ಮನ ಸಾಮಾನು ಎಲ್ಲಿಗೆ ಹೋಗಬೇಕು?

ತೆಗೆದುಕೊಂಡು ಹೋಗು ಎಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಯಾಕೆಂದರೆ ಹಗುರವಾಗಿರುವುದು ಅವಳಿಗೆ ಒಂದು ವ್ರತ. ಹೊರಡುವ ಹಿಂದಿನ ದಿನ ಗಾಂಧಿ ಬಜಾರಿನ ಪಕ್ಕದ ರಸ್ತೆಯಲ್ಲಿರುವ ಹಳೇ ಪೇಪರ್ ಅಂಗಡಿಯ ತಕ್ಕಡಿಯ ಮೇಲೆ ಬ್ಯಾಗು ಕೂರಬೇಕು. ಏಳರ ಮೇಲೆ ನೂರು ಗ್ರಾಂ ಬಂದರೂ ಫುಟ್‌ಪಾತಿನಲ್ಲೇ ಬಿಚ್ಚಿ ಹರಡುತ್ತಾಳೆ. ಟೂತ್‌ಬ್ರಷ್ಷಿನ ಹಿಡಿ ಅರ್ಧ ಕತ್ತರಿಸಿಯಾಗಿದೆ. ಬಾಚಣಿಗೆಯೂ ಅರ್ಧವೇ. ಕಾದಂಬರಿಯಲ್ಲಿ ಓದಿ ಮುಗಿಸಿದ ಹಾಳೆಗಳನ್ನು ಹರಿದು ಅಲ್ಲಲ್ಲೇ ಬಿಟ್ಟುಬರುತ್ತಾಳೆ. ಕಥೆ ಮುಂದೆ ಹೋದ ಹಾಗೆ ಪುಸ್ತಕ ಸೊರಗುತ್ತದೆ! ಯಾವುದೋ ಊರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಆ ಹಾಳೆಗಳನ್ನು ಆರಿಸಿ ಓದಿ, "ಆಮೇಲೆ ಏನಾಯ್ತಮ್ಮಾ?" ಎಂದು ಅವಳ ಬಸ್ಸಿನ ಹಿಂದೆ ಓಡಿಬಂದರಂತೆ.

ಒಮ್ಮೆ ಅಂಗಡಿಯವರಿಗೂ ಸಾಕಾಯಿತು. "ಮೇಡಂ, ಬ್ಯಾಗನ್ನೇ ತೂಕಕ್ಕೆ ಹಾಕ್ಬಿಡಿ. ಕೈಬೀಸ್ಕೊಂಡು ಹೋಗ್ಬೋದು" ಎಂದರು. ಅದು ತಮಾಷೆ ಎಂದು ನನಗೆ ಗೊತ್ತಾಯಿತು. ಚಿಕ್ಕಮ್ಮ ಮಾತ್ರ ಐದು ನಿಮಿಷ ಗಂಭೀರವಾಗಿ ಯೋಚಿಸುತ್ತ ನಿಂತಿದ್ದಳು.

ಅವಳ ಹತ್ತಿರ ಮಿಕ್ಸಿ ಇಲ್ಲ. ಆದರೆ ಮಿಕ್ಸಿಯ ಬಗ್ಗೆ ತಾನು ಬರೆದದ್ದು ಸರಿಯಿದೆಯೇ ಎಂದು ನೋಡಬೇಕಲ್ಲ? ನಮ್ಮ ಮನೆಯದು ಇದ್ದೇ ಇದೆ! ಕಳೆದ ಯುಗಾದಿಗೆ ಬಂದವಳು ಲ್ಯಾಪ್‌ಟಾಪನ್ನು ಅಡುಗೆಕಟ್ಟೆಯ ಮೇಲಿಟ್ಟು, ಒಂದೊಂದೇ ಸೂಚನೆ ಗಟ್ಟಿಯಾಗಿ ಓದಿಕೊಂಡು, ಓದಿದ್ದನ್ನಷ್ಟೇ ಮಾಡತೊಡಗಿದಳು. ಇದ್ದಕ್ಕಿದ್ದಂತೆ ಕಾಯಿಚಟ್ನಿ ಸೂರಿಗೆ ಹಾರಿತು.

"ಮುಚ್ಚಳ ಹಾಕೋದಲ್ವಾ ಚಿಕ್ಕಮ್ಮಾ!" ಎಂದು ಕಿರುಚಿದೆ.

"ಮುಚ್ಚಳದ ವಿಷ್ಯ ಆರನೇದು ಕಣೇ. ನಾನಿನ್ನೂ ಐದರಲ್ಲಿದೀನಿ" ಎಂದಳು, ಮುಖದ ಚಟ್ನಿ ಒರೆಸಿಕೊಳ್ಳುತ್ತ.

ಐದನೆಯದು ಸ್ವಿಚ್ ಹಾಕುವುದು! ಆಮೇಲೆ ಅಲ್ಲೇ ಕೂತು ಎರಡನ್ನೂ ಅದಲುಬದಲು ಮಾಡಿದಳು. ಕರ್ನಾಟಕದ ಎಷ್ಟೋ ಅಡುಗೆಮನೆಗಳು ನಮ್ಮ ಮನೆಯ ಸೂರಿಗೆ ಋಣಿಯಾಗಿರಬೇಕು.

ಇಂಥವಳ ಮೇಲೆ ಸಿಟ್ಟು ನಿಲ್ಲುವುದಿಲ್ಲ. ಯಾಕೆಂದರೆ ಮಧ್ಯಾಹ್ನ ಅವಳ ಫೋನು ಬರುತ್ತದೆ. ನಾನು ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಮಕ್ಕಳ ನೋಟ್‌ಬುಕ್ಕುಗಳನ್ನು ಎದುರಿಗಿಟ್ಟುಕೊಂಡು ತೂಕಡಿಸುತ್ತಿರುತ್ತೇನೆ. "ಮಾತಾಡ್ಬೇಡ, ಸುಮ್ನೆ ಕೇಳು" ಎಂದು ಅವಳು ಫೋನನ್ನು ಕಿಟಕಿಯಾಚೆ ಹಿಡಿಯುತ್ತಾಳೆ. ಒಂದು ದಿನ ನದಿ ಹರಿಯುವ ಸದ್ದು. ಇನ್ನೊಂದು ದಿನ ದೂರದಲ್ಲಿ ಹೋಗುವ ದೋಣಿಯ ಮೋಟಾರು. ಮತ್ತೊಂದು ದಿನ ಏನೂ ಇಲ್ಲ, ಬರೀ ಗಾಳಿ. ನನಗೆ ಕಣ್ಣು ಮುಚ್ಚಿ ಬರುತ್ತದೆ. ಆ ದೋಣಿಯಲ್ಲಿ ನಾನೇ ಕೂತಿದ್ದೇನೆ, ಕೈ ನೀರಿನಲ್ಲಿ ಆಡುತ್ತಿದೆ, ಇಳಿಯಬೇಕಾದ ಊರಿನ ಹೆಸರು ನೆನಪಿಲ್ಲ, ನೆನಪಿಲ್ಲದ್ದರಿಂದ ಏನೂ ನಷ್ಟವಿಲ್ಲ. ಬೆಲ್ಲು ಹೊಡೆದಾಗ ಏಳನೇ ಕ್ಲಾಸಿನ ಗಣಿತದ ಮುಂದೆ ಎದ್ದು ಕೂರುತ್ತೇನೆ. ದೋಣಿಯಲ್ಲಿ ಕೂತ ಆ ಹತ್ತು ನಿಮಿಷ ಇಡೀ ದಿನಕ್ಕೆ ಸಾಕಾಗುತ್ತದೆ.

ಕೊನೆಗೂ ಧೈರ್ಯ ಮಾಡಿ ಹೇಳಿದೆ: ಮನೆ ಬದಲಾಯಿಸುತ್ತಿದ್ದೇವೆ, ಹೊಸ ಮನೆಯಲ್ಲಿ ಜಾಗವಿಲ್ಲ, ಬಂದು ನಿನ್ನ ಸಾಮಾನು ಏನು ಮಾಡುತ್ತೀಯೋ ನೋಡು. ಎರಡೇ ದಿನದಲ್ಲಿ ಬಂದಳು. ಟ್ರಂಕು, ಹಾಸಿಗೆ ಸುರುಳಿ, ಹೊಲಿಗೆ ಮೆಷಿನ್ನು, ಇಡ್ಲಿ ಪಾತ್ರೆ, ಎರಡು ಮೂಟೆ ಪುಸ್ತಕ, ಎಲ್ಲವನ್ನೂ ಇಳಿಸಿದಳು. ಮೆಷಿನ್ನು ಹೂವಿನವಳಿಗೆ, ಪಾತ್ರೆ ಮನೆಗೆಲಸದವಳಿಗೆ, ಉಳಿದದ್ದು ಸಿಕ್ಕಸಿಕ್ಕವರಿಗೆ. ಮಧ್ಯಾಹ್ನದೊಳಗೆ ಅಟ್ಟ ಖಾಲಿ! ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ಖುಷಿಯಿಂದ ಕಾಫಿ ಮಾಡಿ ಕೊಟ್ಟೆ.

ಲೋಟ ಹಿಡಿದು ಅಟ್ಟವನ್ನೇ ನೋಡುತ್ತ ಕೂತಿದ್ದವಳು ಕೇಳಿದಳು: "ಇನ್ಮೇಲೆ ಬರೋಕ್ ಮುಂಚೆ ಫೋನ್ ಮಾಡಿ ಕೇಳ್ಬೇಕು, ಅಲ್ವೇನೆ?"

"ಯಾಕೆ?"

"ಇಷ್ಟ್ ದಿನ ನನ್ ಸಾಮಾನಿತ್ತು. ತಮ್ ಸಾಮಾನಿರೋ ಮನೆಗೆ ಯಾರೂ ನೆಂಟರಾಗಿ ಬರಲ್ಲ ಪುಟ್ಟಿ."

ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಇವಳು ಅಷ್ಟು ಹಗುರವಾಗಿ ಓಡಾಡುತ್ತಿದ್ದದ್ದು ಯಾವ ಧೈರ್ಯದ ಮೇಲೆ ಎಂದು ಆಗ ಗೊತ್ತಾಯಿತು. ಆ ಧೈರ್ಯವನ್ನು ನನ್ನ ಕೈಯಾರೆ ಖಾಲಿ ಮಾಡಿಸಿದ್ದೆ. ತುಂಬಾ ನಾಚಿಕೆಯಾಯಿತು.

ಮುಂದಿನ ವಾರ ಸಾಮಾನು ಸಾಗಿಸಲು ಅವಳೂ ಮಲ್ಲೇಶ್ವರಕ್ಕೆ ಬಂದಳು. ನಾವಿನ್ನೂ ಡಬ್ಬ ಬಿಚ್ಚುತ್ತಿದ್ದಾಗಲೇ ಅಸೋಸಿಯೇಷನ್ನಿನ ಸೆಕ್ರೆಟರಿ ಒಂದು ಫಾರ್ಮು ಹಿಡಿದು ಬಂದರು.

"ಮನೇಲಿ ಎಷ್ಟ್ ಜನ ಇರ್ತೀರಿ ಮೇಡಂ?"

ನಾನು, ನಮ್ಮವರು, ಮಗಳು. "ನಾಲ್ಕು ಜನ" ಎಂದೆ. ನಮ್ಮವರು ತಲೆ ಎತ್ತಿದರು. ನಾನು ಚಿಕ್ಕಮ್ಮನ ಹೆಸರನ್ನೂ ಬರೆಸಿದೆ.

ಸೆಕ್ರೆಟರಿ ಅವಳ ಕಡೆ ನೋಡಿ, "ಇವ್ರು ಗೆಸ್ಟಾ, ಪರ್ಮನೆಂಟಾ?" ಎಂದರು.

"ಪರ್ಮನೆಂಟು. ಕೆಲ್ಸದ ಮೇಲೆ ಊರೂರು ಓಡಾಡ್ತಿರ್ತಾರೆ, ಅಷ್ಟೇ."

ಚಿಕ್ಕಮ್ಮ ಬಾಲ್ಕನಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತಳು. ಸೆಕ್ರೆಟರಿ ಹೋದ ಮೇಲೆ, ತಿರುಗದೆ ಕೇಳಿದಳು: "ಪುಟ್ಟೀ, ನಾಳೆ ಹೊರಡ್ಬೇಕಿತ್ತು. ಮುಂದಿನ್ ತಿಂಗಳು ಹೋದ್ರೆ ಆಗಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನಮ್ಮವರೇ ಕೂಗಿ ಹೇಳಿದರು: "ಅದನ್ನೇನ್ ಕೇಳ್ತೀರಾ ಚಿಕ್ಕಮ್ಮಾ, ನಿಮ್ಮನೆ!"