ಉಳ್ಳಾಗಡ್ಡಿ ಕಟ್ಟಿದ ಟವೆಲ್ಲು

ಸುಗಂಧಾ: ಬೆಂಚಿನ ಮ್ಯಾಲೆ ಕೂಡಾಕ ಪರದೇಶಕ್ಕ ಯಾಕ ಹೋಗಬೇಕ್ರಿ? ನಮ್ಮ ಮುಡಬಿ ಊರಾಗ ಕಟ್ಟಿ ಇದ್ದಿದ್ದಿಲ್ಲೇನು?

ಉತ್ತಮ: ಹಂಗ ಅನಬ್ಯಾಡ. ಅದು ಭಾರತ ತಂಡದ ಬೆಂಚು!

ಸುಗಂಧಾ: ಬಂಗಾರದ್ದೇನು?

ಬಸವಕಲ್ಯಾಣದ ನಿಲ್ದಾಣದಲ್ಲಿ ಮುಡಬಿ ಬಸ್ಸಿಗೆ ಕಾಯುತ್ತಿದ್ದ ಉತ್ತಮ ಮೊಬೈಲನ್ನು ಮೂಗಿಗೆ ಹತ್ತಿಸಿಕೊಂಡಿದ್ದ. ದಕ್ಷಿಣ ಏಷ್ಯಾದ ನೆರೆದೇಶಗಳ ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಫೈನಲ್ಲು, ಭಾರತಕ್ಕೂ ಶ್ರೀಲಂಕಾಕ್ಕೂ. ಭಾರತ ತಂಡದ ಬೆಂಚಿನ ತುದಿಯಲ್ಲಿ ಉತ್ತಮ-ಸುಗಂಧಾರ ಮಗಳು ವಿಶಾಖಾ. ಪಂದ್ಯಾವಳಿ ಶುರುವಾದಾಗ ಕೂತ ಹುಡುಗಿ ಇನ್ನೂ ಎದ್ದಿರಲಿಲ್ಲ. ಇವತ್ತೂ ಆಡಿಸದಿದ್ದರೆ ಆಟ ಬಿಡಿಸಿ ಬಿ.ಎಡ್.ಗೆ ಹಾಕುವುದೆಂದು ಸುಗಂಧಾ ಶರ್ತ ಹಾಕಿದ್ದಳು. ಗಂಡ ದೊಡ್ಡ ಧೈರ್ಯಸ್ಥನಂತೆ ಹೂಂ ಅಂದುಬಿಟ್ಟಿದ್ದ. ಈಗ ಆ ಹೂಂ ವಾಪಸು ತಗೊಳ್ಳುವ ದಾರಿ ಹುಡುಕುತ್ತಿದ್ದ.

ಉತ್ತಮ: ಇನ್ನೂ ಟೈಮ್ ಅದ. ಅಕಿದು ನಮ್ಮ ವಂಶದ ಕೈ. ಸಣ್ಣಾಂವ ಇದ್ದಾಗ ನಾ ಮಾವಿನಕಾಯಿಗೆ ಕಲ್ಲು ಒಗದ್ರ...

ಸುಗಂಧಾ: ಬಾಜೂ ಮನಿ ಹಂಚು ಒಡೀತಿತ್ತು. ನಿಮ್ಮವ್ವಾನೇ ಹೇಳ್ಯಾಳ.

ಉತ್ತಮ: ನೋಡು, ನೋಡು! ನಮ್ಮವರು ಹಾಕಿದ್ರು!

ಸುಗಂಧಾ: ಎಲ್ಲಿ ಹಾಕಿದ್ರು? ಕೆಳಗ ಬಿತ್ತಲ್ಲ! ಅಯ್ಯ, ಬುಟ್ಟಿಗೆ ತಳಾನೇ ಇಲ್ಲ! ಇಷ್ಟು ದೇಶ ಕೂಡಿ ಒಂದು ಛಲೋ ಬುಟ್ಟಿ ತರಾಕ ಆಗಲಿಲ್ಲೇನು?

ಉತ್ತಮ: ತಳಾ ಇದ್ರ ಚೆಂಡು ತಗ್ಯಾಕ ಏಣಿ ಹಚ್ಚಬೇಕಾಗ್ತದ.

ಸುಗಂಧಾ: ನಮ್ಮ ವಿಶಾಖಾ ಅದಾಳಲ್ಲ, ಏಣಿ ಯಾಕ? ಸುಮ್ಮನ ಕೂತಾಳ, ಅದನ್ನಾದ್ರೂ ಮಾಡ್ತಿದ್ಲು.

ಅಷ್ಟರಲ್ಲಿ ಮೊಬೈಲಿನಲ್ಲಿ ರೆಫರಿ ಪೀಪಿ ಊದಿದರು. ಭಾರತದ ಮುಖ್ಯ ಆಟಗಾರ್ತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊರನಡೆದಳು.

ಸುಗಂಧಾ: ಅಕಿಗೇನಾತ್ರಿ?

ಉತ್ತಮ: ಐದು ಫೌಲ್ ಆದ್ವು. ತಪ್ಪು ಮಾಡಿದಾಕಿ ಹೊರಗ.

ಸುಗಂಧಾ: ತಪ್ಪು ಮಾಡದಾಕಿ ಮೊದಲಿಂದ ಹೊರಗ! ಛಲೋ ನ್ಯಾಯ!

ಉತ್ತಮ: ಏ ಸುಗಂಧಾ! ಎದ್ದಳು! ನಮ್ಮ ವಿಶಾಖಾ ಎದ್ದಳು!

ಬಿ.ಎಡ್., ಬೆಂಚು, ಬುಟ್ಟಿ ಎಲ್ಲ ಮರೆತು ಸುಗಂಧಾ ಗಂಡನ ಭುಜದ ಮೇಲೆ ಗದ್ದ ಊರಿದಳು. ಅರ್ಧ ನಿಮಿಷ ಉಳಿದಿತ್ತು. ಭಾರತ ಎರಡು ಅಂಕ ಹಿಂದಿತ್ತು.

ಸುಗಂಧಾ: ಚೆಂಡು ನೆಲಕ್ಕ ಯಾಕ ಬಡಿಯಾಕತ್ತಾಳ್ರಿ? ಕೂಡ್ಸಿದ್ದಕ್ಕ ಸಿಟ್ಟು ಬಂದದೇನು?

ಉತ್ತಮ: ಹಂಗೇ ಆಡಬೇಕು! ದೂರದಿಂದ ಹಾಕಿದ್ರ ಮೂರು ಅಂಕ, ನಾವು ಗೆದ್ವಿ. ಉಸಿರು ಬಿಡಬ್ಯಾಡ!

ಆದರೆ ಮುಡಬಿ ಬಸ್ಸಿಗೆ ಇದೆಲ್ಲ ಏನು ಗೊತ್ತು? ಧೂಳೆಬ್ಬಿಸಿಕೊಂಡು ಬಂದೇಬಿಟ್ಟಿತು. ಇಡೀ ನಿಲ್ದಾಣ ಬಾಗಿಲಿಗೆ ಮುಕುರಿತು.

ಸುಗಂಧಾ: ಸೀಟ್ ಹಿಡೀರಿ!

ಉತ್ತಮ: ಬಸ್ ಹೋದ್ರ ಹೋಗಲಿ!

ಸುಗಂಧಾ: ಮುಡಬಿ ತನಕ ನಿಂತು ಹೋಗಾಕ ಮೊಣಕಾಲು ನಿಮ್ಮವಲ್ಲ, ನನ್ನವು!

ಅವನ ಹೆಗಲ ಟವೆಲ್ಲನ್ನು ಎಳೆದಳು. ಸಂತೆಚೀಲದಿಂದ ಒಂದು ಉಳ್ಳಾಗಡ್ಡಿ ತೆಗೆದು ಟವೆಲ್ಲಿನ ತುದಿಗೆ ಗಂಟು ಹಾಕಿದಳು. ತುದಿಗಾಲಲ್ಲಿ ನಿಂತಳು, ಮೊಣಕೈ ಎತ್ತಿದಳು, ಮಣಿಕಟ್ಟು ಬಗ್ಗಿಸಿ ಬಿಟ್ಟಳು. ಟವೆಲ್ಲು ಅಷ್ಟೂ ಜನರ ತಲೆಯ ಮೇಲೆ ಹಾರಿ, ಕಿಟಕಿಯ ಕಂಬಿಗೂ ತಾಗದೆ ಒಳಗೆ ಸೀಟಿನ ಮೇಲೆ ಕೂತಿತು.

ಉತ್ತಮ ಮೊಬೈಲಿನತ್ತ ತಿರುಗಿದ. ಅಲ್ಲಿ ವಿಶಾಖಾ ತುದಿಗಾಲಲ್ಲಿ ನಿಂತಿದ್ದಳು. ಅದೇ ಮೊಣಕೈ, ಅದೇ ಮಣಿಕಟ್ಟು. ಚೆಂಡು ದೂರದಿಂದ ಹಾರಿ ಬುಟ್ಟಿಯ ಬಳೆಗೂ ತಾಗದೆ ಇಳಿಯಿತು. ಆಟ ಮುಗಿದ ಗಂಟೆ ಹೊಡೆಯಿತು.

ಉತ್ತಮ: ಗೆದ್ವಿ! ಅಲ್ಲಾ, ಈ ಕೈ... ಇದು ನಿನ್ನ ಕೈ!

ಸುಗಂಧಾ: ಮತ್ತ? ಹುಮನಾಬಾದ ಕಾಲೇಜಿಗೆ ಹೋಗೂ ಮುಂದ ವಿಶಾಖಾ ದಿನಾ ಬಸ್ಸಿನ್ಯಾಗ ಸೀಟ್ ಹ್ಯಾಂಗ ಹಿಡೀತಿದ್ಲು ಅಂದ್ಕೊಂಡ್ರಿ? ಮಾವಿನಕಾಯಿಗೆ ಕಲ್ಲು ಒಗದೇನು?

ಅವಳ ಕಣ್ಣು ತುಂಬಿ ಬಂದವು. ಸೆರಗಿನಿಂದ ಒರೆಸಿಕೊಂಡು, ಉಳ್ಳಾಗಡ್ಡಿ ಖಾರ ಅಂದಳು. ಉಳ್ಳಾಗಡ್ಡಿ ಇನ್ನೂ ಸುಲಿದೇ ಇರಲಿಲ್ಲ. ಉತ್ತಮನ ಎದೆ ಉಬ್ಬಿತು.

ಕಂಡಕ್ಟರ್ ಅಮೋಘಸಿದ್ದಪ್ಪ ಕಿಟಕಿಯಿಂದ ಇಣುಕಿದ.

ಅಮೋಘಸಿದ್ದಪ್ಪ: ಯಾರದ್ರೀ ಈ ಉಳ್ಳಾಗಡ್ಡಿ? ಆರಾಮ ಕೂತದ, ಟಿಕೀಟು ತಗೋತದೇನು?

ಸುಗಂಧಾ: ನಂದ್ರಿ!

ಉತ್ತಮ (ಮೊಬೈಲ್ ತೋರಿಸುತ್ತ): ಮತ್ತ ಇಕಿ?

ಸುಗಂಧಾ: ಇಕೀನೂ ನನ್ನಾಕಿನೇ. ನಿಮ್ಮದು ಬರೇ ಟವೆಲ್ಲು.

ಹೇಗೋ ನುಗ್ಗಿ ಇಬ್ಬರೂ ಒತ್ತಿಕೊಂಡು ಕೂತರು. ಬಸ್ಸು ಹೊರಟ ಮೇಲೆ ಉತ್ತಮನಿಗೆ ಧೈರ್ಯ ಬಂತು.

ಉತ್ತಮ: ಅಲ್ಲ, ಆ ಬಿ.ಎಡ್. ಮಾತು...

ಸುಗಂಧಾ: ಹಾಕೂದೇ. ಇಂಥಾ ಕೈ ಇದ್ದಾಕಿನ್ನ ಇಷ್ಟು ದಿನ ಬೆಂಚಿನ ಮ್ಯಾಲೆ ಕೂಡ್ಸಿದ್ನಲ್ಲ ಆ ಕೋಚು, ಅವನ್ನ ಬಿ.ಎಡ್.ಗೆ ಹಾಕ್ರಿ!