ಲೀಡ್ಸಿನ ಚಳಿಯೂ ನಮ್ಮನೆ ಥರ್ಮೋಸ್ಟ್ಯಾಟೂ

ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಚಳಿಯ ವಿಷಯಕ್ಕೆ ಒಂದು ರಗಳೆ ಆಗಿಯೇ ಆಗುತ್ತದೆ. ಎಷ್ಟು ಅಭ್ಯಾಸವಾಗಿದೆ ಅಂದರೆ, ಆಗುವುದು ನಾಲ್ಕು ದಿನ ತಡವಾದರೆ ನನಗೇ ಯಾಕೋ ಕಸಿವಿಸಿ.

ವಿಷಯ ಇಷ್ಟೇ. ನಮ್ಮ ಯಜಮಾನರು ಮದುವೆಗೆ ಮುಂಚೆ, ಕಂಪನಿ ಕಳಿಸಿತು ಅಂತ, ಇಂಗ್ಲೆಂಡಿನ ಲೀಡ್ಸಿನಲ್ಲಿ ಮೂರು ಚಳಿಗಾಲ ಕಳೆದು ಬಂದವರು. ಕೋವಿಡ್ ಶುರುವಾಗುವ ಸ್ವಲ್ಪ ಮೊದಲು ನಾವು ನಾರ್ತ್ ಕ್ಯಾರೊಲೈನಾದ ಏಪೆಕ್ಸ್‌ಗೆ ಬಂದೆವು. ಅಂದಿನಿಂದ ಇಲ್ಲಿನ ಪ್ರತಿ ಚಳಿಗಾಲವನ್ನೂ ಅವರು ಆ ಮೂರು ಚಳಿಗಾಲದ ಪಕ್ಕ ನಿಲ್ಲಿಸಿ ಅಳೆಯುತ್ತಾರೆ. ಇಲ್ಲಿಯವರೆಗೆ ಒಂದೂ ಪಾಸಾಗಿಲ್ಲ. "ಇದೂ ಒಂದು ಚಳೀನಾ?" ಅನ್ನುತ್ತಾರೆ, ಅಂದು ಮನೆಯ ಶಾಖ ನಿಯಂತ್ರಿಸುವ ಥರ್ಮೋಸ್ಟ್ಯಾಟನ್ನು ಅರವತ್ತೆರಡು ಫ್ಯಾರನ್‌ಹೀಟಿಗೆ, ಅಂದರೆ ನಮ್ಮೂರ ಲೆಕ್ಕದ ಹದಿನೇಳು ಡಿಗ್ರಿಗೆ ಇಳಿಸಿ ಹೋಗುತ್ತಾರೆ. ನಾನು ಸ್ವೆಟರಿನ ಮೇಲೊಂದು ಶಾಲು, ಅದರ ಮೇಲೆ ಇನ್ನೊಂದು ಶಾಲು ಹೊದ್ದುಕೊಂಡು ಸಾರಿಗೆ ಒಗ್ಗರಣೆ ಹಾಕುತ್ತೇನೆ. ಜಗಳ ಆಡಿ ಆಡಿ ಸಾಕಾಗಿದೆ. ನನಗೆ ಬೇಕಿದ್ದದ್ದು ಒಂದೇ. ಈ ಮನುಷ್ಯ ಒಂದು ಸಲ, ಒಂದೇ ಒಂದು ಸಲ, ತಮ್ಮ ಬಾಯಿಂದ "ಚಳಿ ಆಗ್ತಿದೆ, ಹೀಟ್ ಏರಿಸು" ಅನ್ನಬೇಕು. ಅದಕ್ಕಾಗಿ ಎಷ್ಟು ಕಾದೆ ಅನ್ನುವುದೇ ಮುಂದಿನ ಕತೆ.

ಎರಡು ಬೆರಳು ಸ್ನೋ

ಈ ಕಡೆಯ ಊರುಗಳಲ್ಲಿ ಹಿಮ ಬೀಳಬಹುದು ಎಂದು ಟೀವಿಯಲ್ಲಿ ಹೇಳಿದರೆ ಸಾಕು, ಜನ ಅಂಗಡಿಗೆ ನುಗ್ಗಿ ಹಾಲು, ಬ್ರೆಡ್ಡು ಎಲ್ಲ ಖಾಲಿ ಮಾಡಿಬಿಡುತ್ತಾರೆ. ಬಂದ ಹೊಸತು, ನಾನೂ ಹೆದರಿ ಚೀಲ ಹಿಡಿದು ಹೊರಟೆ. ಬ್ರೆಡ್ಡಿಲ್ಲದೆ ಇದ್ದೇನು, ಮೊಸರಿಲ್ಲದೆ ನನಗೆ ಊಟ ಇಳಿಯುವುದಿಲ್ಲ.

"ಎಲ್ಲಿಗೆ ಹೊರಟೆ?"

"ಹಾಲು ತರಕ್ಕೆ ರೀ. ನಾಳೆ ಸ್ನೋ ಅಂತೆ."

"ಎರಡು ಬೆರಳು ಸ್ನೋಗೆ ಹಿಂಗೆ ಹೆದರ್ತಾರಾ ಯಾರಾದ್ರೂ? ಲೀಡ್ಸಲ್ಲಿ ಇದನ್ನ ಲೆಕ್ಕಕ್ಕೇ ತಗೊಳಲ್ಲ. ಬೀಳಲಿ ಬಿಡು, ನಾಳೆ ನಾನೇ ಡ್ರೈವ್ ಮಾಡ್ಕೊಂಡು ಹೋಗಿ ತರ್ತೀನಿ. ಅಂಗಡೀಲಿ ರಶ್ಶೂ ಇರಲ್ಲ."

ಮಾರನೆಯ ದಿನ ಬಿದ್ದದ್ದು ಎರಡೇ ಬೆರಳು, ಅದು ನಿಜ. ಆದರೆ ಅದರ ಅಡಿಯಲ್ಲಿ ನೆಲವೆಲ್ಲ ಗಾಜಿನ ಹಾಗೆ ಮಂಜುಗಡ್ಡೆಯಾಗಿತ್ತು, ಗರಾಜಿನಿಂದ ರಸ್ತೆಗಿಳಿಯುವ ನಮ್ಮ ಡ್ರೈವ್‌ವೇ ಬೇರೆ ಇಳಿಜಾರು. ಯಜಮಾನರು ಸ್ಟೀರಿಂಗ್ ಹಿಡಿದದ್ದಷ್ಟೇ. ಉಳಿದದ್ದನ್ನೆಲ್ಲ ಕಾರೇ ತೀರ್ಮಾನ ಮಾಡಿತು. ಹಿಂದಕ್ಕೆ ಜಾರಿ, ರಸ್ತೆ ದಾಟಿ, ಎದುರು ಮನೆಯ ಮುಂದೆ ಕಂಬದ ಮೇಲಿದ್ದ ಟಪಾಲಿನ ಮೇಲ್‌ಬಾಕ್ಸನ್ನು ಮಲಗಿಸಿ ನಿಂತಿತು.

ಎದುರು ಮನೆಯಲ್ಲಿರುವುದು ಹುಟ್ಟಿದಾಗಿನಿಂದ ಈ ಊರು ಬಿಟ್ಟು ಹೋಗದ ಒಬ್ಬ ಅಮೆರಿಕನ್ ಅಜ್ಜ. ಕಾಫಿ ಮಗ್ಗು ಹಿಡಿದು ಹೊರಗೆ ಬಂದರು. ಬೈಯಲಿಲ್ಲ. ಮಲಗಿದ ಡಬ್ಬಿಯನ್ನು ನೋಡಿದರು, ಕಾರನ್ನು ನೋಡಿದರು, ಆಮೇಲೆ ನಿಧಾನಕ್ಕೆ, "ಹಿಮದಲ್ಲಿ ಗಾಡಿ ಓಡಿಸೋದು ಎಲ್ಲಿ ಕಲಿತೆ ಮಗಾ?" ಎಂದು ಕೇಳಿದರು.

"ಇಂಗ್ಲೆಂಡಿನಲ್ಲಿ" ಅಂದರು ಇವರು, ತಲೆ ಎತ್ತಿಕೊಂಡೇ.

ಅಷ್ಟು ಹೊತ್ತಿಗೆ ನಾನೂ ಚಪ್ಪಲಿ ಸಿಕ್ಕಿಸಿಕೊಂಡು ಓಡಿ ಬಂದಿದ್ದೆ. "ಅಲ್ಲಿ ಯಾವ ಕಾರು ಇಟ್ಟಿದ್ರಿ ನೀವು? ನಂಗೆ ಹೇಳೇ ಇಲ್ಲ" ಎಂದು ಕನ್ನಡದಲ್ಲಿ ಕೇಳಿದೆ.

ಯಜಮಾನರು ಚಕ್ರದ ಕಡೆ ಬಗ್ಗಿ ಏನನ್ನೋ ಪರೀಕ್ಷಿಸುವವರಂತೆ ಮಾಡಿದರು. ಆಮೇಲೆ ಅಲ್ಲಿಂದಲೇ ಹೇಳಿದರು: "ಕಾರೆಲ್ಲಿತ್ತು? ಬಸ್ ಪಾಸ್ ಇತ್ತು."

ಭಾನುವಾರದ ಫೋನು

ಲೀಡ್ಸಿನಲ್ಲಿ ಇವರ ಜೊತೆ ಒಂದೇ ಮನೆಯಲ್ಲಿದ್ದ ಗೆಳೆಯರೊಬ್ಬರು ಅಲ್ಲೇ ಉಳಿದಿದ್ದಾರೆ. ಚಳಿಗಾಲದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಅವರ ಫೋನು. ಮನೆ, ಮಕ್ಕಳು, ಕೆಲಸ ಎಲ್ಲ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ಅರ್ಧ ಗಂಟೆ ಹವಾಮಾನ. ನಾನು ದೋಸೆ ಹುಯ್ಯುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿರುತ್ತೇನೆ, ಬೇರೆ ದಾರಿ ಇಲ್ಲ.

"ಈ ಸಲ ಇಲ್ಲಿ ಏನೂ ಚಳಿ ಇಲ್ಲ ಮಾರಾಯ" ಅನ್ನುತ್ತಾರೆ ಆ ಕಡೆಯವರು.

"ಅದೇ ಅನ್ಕೊಂಡೆ. ನಾವಿದ್ದಾಗಿನ ಚಳಿಯ ಕಾಲಿನ ಧೂಳಿಗೂ ಸಮ ಇಲ್ಲ ಬಿಡು ಈಗಿನದು" ಅನ್ನುತ್ತಾರೆ ಇವರು. ಸತ್ತುಹೋದ ದೊಡ್ಡ ಮನುಷ್ಯರೊಬ್ಬರ ಬಗ್ಗೆ ಮಾತಾಡುವ ಹಾಗೆ ದನಿ ತಗ್ಗಿಸಿ ಮಾತಾಡುತ್ತಾರೆ.

ಫೋನಿಟ್ಟ ಮೇಲೆ ನಮಗೂ ಒಂದು ಕಂತು ಇರುತ್ತದೆ. ಒಂದು ದಿನ ಲೀಡ್ಸಿನಲ್ಲಿ ಬಸ್ಸು ನಿಂತುಹೋಗಿ, ಇವರು ಹಿಮದಲ್ಲೇ ನಡೆದು ಆಫೀಸಿಗೆ ಹೋದ ಕತೆ. ಏಪೆಕ್ಸಿನ ಮೊದಲ ವರ್ಷ ಹೇಳಿದಾಗ ಹಿಮ ಪಾದ ಮುಚ್ಚುವಷ್ಟಿತ್ತು. ಮರುವರ್ಷ ಮೊಣಕಾಲಿಗೆ ಬಂತು. ಆಮೇಲೆ ತೊಡೆ. ಹಳೆಯ ಹಿಮ ತಾನೇ, ಎಷ್ಟಾದರೂ ಬೀಳಲಿ ಅಂತ ನಾನು ದೋಸೆ ಮಗುಚುತ್ತಿದ್ದೆ. ಹೋದ ವರ್ಷದ ಹಿಂದಿನ ವರ್ಷ ಅದು ಸೊಂಟದವರೆಗೆ ಏರಿದಾಗ, ಇಲ್ಲೇ ಹುಟ್ಟಿದ ನಮ್ಮ ಮಗಳು ದೋಸೆ ತಿನ್ನುವುದನ್ನು ನಿಲ್ಲಿಸಿ ಅಪ್ಪನನ್ನೇ ನೋಡಿದಳು.

"ಅಪ್ಪಾ, ನೆಕ್ಸ್ಟ್ ಇಯರ್ ಸ್ನೋ ನಿನ್ ತಲೆ ಮೇಲೆ ಬರತ್ತೆ, ರೈಟ್?"

"ಯಾಕೆ ಪುಟ್ಟಾ?"

"ದೆನ್ ಹೂ ವಿಲ್ ಟೆಲ್ ದ ಸ್ಟೋರಿ?"

ಜಾನ್ಸ್ ಕ್ರೀಕಿನ ಸಂಕ್ರಾಂತಿ

ಅಟ್ಲಾಂಟಾ ಹತ್ತಿರದ ಜಾನ್ಸ್ ಕ್ರೀಕಿನಲ್ಲಿ ನನ್ನ ತಂಗಿ ಇದ್ದಾಳೆ. ಕೋವಿಡ್ ಕಾಲದ ಒಂದು ಸಂಕ್ರಾಂತಿ. ಒಳಗೆ ಸೇರುವಂತಿಲ್ಲ, ಹೊರಗೆ ಚಳಿ. ಅಲ್ಲಿನ ಕನ್ನಡದ ಮನೆಗಳವರು ಈ ವರ್ಷಕ್ಕೆ ಹಬ್ಬ ಬಿಟ್ಟುಬಿಡೋಣ ಎಂದು ಹೆಚ್ಚುಕಡಿಮೆ ತೀರ್ಮಾನಿಸಿದ್ದರು. ತಂಗಿ ಅದನ್ನು ನನಗೆ ಫೋನಿನಲ್ಲಿ ಹೇಳುತ್ತಿದ್ದಾಗ ಯಜಮಾನರು ಮಧ್ಯೆ ಬಾಯಿ ಹಾಕಿದರು.

"ಜಾರ್ಜಿಯಾದಲ್ಲಿ ಎಂಥ ಚಳಿ? ಪಾರ್ಕಲ್ಲಿ ಮಾಡಿ, ನಾವೂ ಬರ್ತೀವಿ. ಲೀಡ್ಸಲ್ಲಿ ಯುಗಾದೀನೇ ಸ್ನೋನಲ್ಲಿ ಮಾಡಿದೀವಿ ನಾವು."

ಭಾವ ಹೇಳಿದ ಮೇಲೆ ಇನ್ನೇನು ಅಂತ ಅವಳು ಎಲ್ಲರನ್ನೂ ಒಪ್ಪಿಸಿದಳು. ನಾವು ಬೆಳಕು ಹರಿಯುವ ಮುಂಚೆ ಹೊರಟು, ಷಾರ್ಲೆಟ್ ದಾಟಿ, ಊಟದ ಹೊತ್ತಿಗೆ ಅಲ್ಲಿದ್ದೆವು. ಕಾರಿಂದ ಇಳಿದ ಕೂಡಲೇ ಗಾಳಿ ಕಪಾಳಕ್ಕೆ ಹೊಡೆಯಿತು.

ಹೆಂಗಸರೆಲ್ಲ ಒಳ್ಳೊಳ್ಳೆ ಮೈಸೂರು ಸಿಲ್ಕ್ ಉಟ್ಟು ಬಂದಿದ್ದರು, ಆದರೆ ಮೇಲೆ ದಪ್ಪ ಜಾಕೆಟ್. ಸೀರೆ ಚೆನ್ನಾಗಿದೆಯಾ ಎಂದು ಕೇಳಬೇಕಾದವರು ಜಿಪ್ ಎಳೆದು ಒಂದು ಕ್ಷಣ ತೋರಿಸಿ ಮತ್ತೆ ಮುಚ್ಚಿಕೊಳ್ಳುತ್ತಿದ್ದರು. ತುಪ್ಪ ಗಟ್ಟಿಯಾಗಿ ಚಮಚ ಅದರಲ್ಲಿ ನೆಟ್ಟಗೆ ನಿಂತಿತ್ತು. ಹುಗ್ಗಿಯನ್ನು ಬರ್ಫಿಯ ಹಾಗೆ ಕತ್ತರಿಸಿ ಬಡಿಸಿದೆವು. ತಟ್ಟೆಯಲ್ಲಿಟ್ಟ ಎಳ್ಳನ್ನು ಗಾಳಿ ಹಾರಿಸಿಕೊಂಡು ಹೋಗಿ ಹುಲ್ಲಿಗೆಲ್ಲ ಬೀರಿತು. ಎಳ್ಳು ತಿಂದು ಒಳ್ಳೆಯ ಮಾತನ್ನೇ ಆಡಬೇಕಾದ ಹಬ್ಬವಲ್ಲವೇ, ಆದ್ದರಿಂದ ಪಾರ್ಕಿನ ಐಡಿಯಾ ಯಾರದ್ದು ಎಂದು ಗೊತ್ತಿದ್ದ ಎಲ್ಲರೂ ನಮ್ಮವರನ್ನು ನೋಡಿ ಬಾಯಿ ಮುಚ್ಚಿಕೊಂಡಿದ್ದರು.

ನಮ್ಮವರು ಮಾತ್ರ ಜಾಕೆಟ್ ಕಾರಿನಲ್ಲೇ ಬಿಟ್ಟು ಬಂದಿದ್ದರು. ರೇಷ್ಮೆ ಪಂಚೆ, ತೆಳ್ಳನೆಯ ಜುಬ್ಬ. ಒಂದು ಕೈಯಲ್ಲಿ ಪಂಚೆ ಹಾರದಂತೆ ಹಿಡಿದು, ಇನ್ನೊಂದರಲ್ಲಿ ಕಬ್ಬಿನ ಜಲ್ಲೆ ಹಿಡಿದು ಫೋಟೋಗೆ ನಿಂತರು. ಫೋಟೋ ಬೆಂಗಳೂರಿಗೆ ಹೋಯಿತು. ಅತ್ತೆ ತಕ್ಷಣ ಫೋನ್ ಮಾಡಿದರು.

"ಎಷ್ಟು ಚೆನ್ನಾಗಿ ನಗ್ತಾ ಇದಾನಮ್ಮ ನನ್ ಮಗ! ಎಲ್ಲಾ ಹಲ್ಲೂ ಕಾಣ್ತಿದೆ."

ಅದು ನಗು ಅಲ್ಲ ಅಂತ ಹೇಳಲು ನನಗೆ ಮನಸ್ಸಾಗಲಿಲ್ಲ. ಆ ಹಲ್ಲುಗಳು ವಾಪಸ್ ಷಾರ್ಲೆಟ್ ತಲುಪುವವರೆಗೂ ಕಟಕಟ ಅನ್ನುತ್ತಲೇ ಇದ್ದವು.

ಅತ್ತೆ ಬಂದ ಚಳಿಗಾಲ

ಕಳೆದ ಚಳಿಗಾಲದಲ್ಲಿ ಅತ್ತೆ ನಮ್ಮ ಜೊತೆ ಇರಲು ಬಂದರು. ಬಂದ ಸ್ವಲ್ಪ ದಿನಕ್ಕೇ, ಒಂದು ಶನಿವಾರ, ಭಾರಿ ಚಳಿಯ ಎಚ್ಚರಿಕೆ ಬಂತು. ಇಲ್ಲಿ ಅಂಥ ದಿನ ಮನೆಯ ಎಲ್ಲ ನಲ್ಲಿಗಳನ್ನೂ ಸಣ್ಣಗೆ ತೊಟ್ಟಿಕ್ಕಲು ಬಿಡಬೇಕು. ನೀರು ಹರಿಯುತ್ತಿದ್ದರೆ ಪೈಪಿನೊಳಗೆ ಹೆಪ್ಪುಗಟ್ಟಿ ಪೈಪು ಒಡೆಯುವುದಿಲ್ಲ.

"ಲೀಡ್ಸಲ್ಲಿ ಯಾರೂ ನಲ್ಲಿ ಬಿಡ್ತಾ ಇರಲಿಲ್ಲ" ಅಂದರು ಯಜಮಾನರು.

"ಮೇಲ್‌ಬಾಕ್ಸ್ ನೆನಪಿದೆಯಾ?" ಅಂದೆ. ಎದ್ದು ಮಲಗಲು ಹೋದರು. ನಾನು ಅಡುಗೆಮನೆ, ಬಚ್ಚಲು, ಗರಾಜು, ಎಲ್ಲ ಕಡೆ ಹೋಗಿ ನಲ್ಲಿ ಸಣ್ಣಗೆ ತಿರುಗಿಸಿ ಬಂದು ಮಲಗಿದೆ.

ಬೆಳಿಗ್ಗೆ ಕಾಫಿ ಕುಡಿಯುವಾಗ ಅತ್ತೆ ತುಂಬಾ ಖುಷಿಯಾಗಿದ್ದರು. "ನಿಮ್ಮನೇಲಿ ಯಾರಿಗೂ ನಲ್ಲಿ ಸರಿಯಾಗಿ ನಿಲ್ಲಿಸೋ ಅಭ್ಯಾಸನೇ ಇಲ್ಲ ಕಣಮ್ಮ" ಅಂದರು. "ಎಲ್ಲಿ ನೋಡಿದ್ರೂ ತೊಟ್ ತೊಟ್. ಬೆಂಗಳೂರಲ್ಲಿ ಟ್ಯಾಂಕರ್‌ಗೆ ಕಾದು ಕೂತವಳು ನಾನು, ನೀರು ಹಂಗೆ ಹೋಗ್ತಾ ಇದ್ರೆ ನಿದ್ದೆ ಬರತ್ತಾ? ಒಂದೂ ಬಿಡದೆ ಬಿಗಿಯಾಗಿ ತಿರುಗಿಸಿಟ್ಟಿದೀನಿ. ಗರಾಜಲ್ಲಿ ಇರೋದನ್ನೂ ಬಿಡಲಿಲ್ಲ."

ನನ್ನ ಲೋಟ ಬಾಯಿಯ ಹತ್ತಿರವೇ ನಿಂತಿತು. ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ನೀರಿನ ಕಷ್ಟ ನೋಡಿದವರು ಇನ್ನೇನು ಮಾಡುತ್ತಾರೆ? ಅಷ್ಟರಲ್ಲಿ ಗರಾಜಿನ ಕಡೆಯಿಂದ ಢಬ್ ಎಂದು ಸದ್ದಾಯಿತು, ಹಿಂದೆಯೇ ಜಲಪಾತದ ಸದ್ದು.

ಯಜಮಾನರು ಚಡ್ಡಿ, ಟೀಶರ್ಟಿನಲ್ಲೇ ಓಡಿದರು. ಗರಾಜಿನ ಗೋಡೆಯ ಪೈಪು ಸೀಳಿ, ನೀರು ಎದುರಿನ ಗೋಡೆಗೆ ರಾಚುತ್ತಿತ್ತು. ಕೈಯಿಂದ ಒತ್ತಿ ಹಿಡಿಯಲು ಹೋಗಿ ತಲೆಯಿಂದ ಕಾಲಿನವರೆಗೆ ನೆಂದರು. ಮನೆಗೆ ಬರುವ ನೀರನ್ನೇ ನಿಲ್ಲಿಸಬೇಕೆಂದರೆ ಅದರ ವಾಲ್ವ್ ಇರುವುದು ರಸ್ತೆಯ ಅಂಚಿನಲ್ಲಿ, ನೆಲದೊಳಗಿನ ಪೆಟ್ಟಿಗೆಯಲ್ಲಿ. ಒದ್ದೆ ಬಟ್ಟೆಯಲ್ಲಿ, ಆ ಗಾಳಿಯಲ್ಲಿ, ಹೆಪ್ಪುಗಟ್ಟಿದ ಮುಚ್ಚಳದ ಜೊತೆ ಗುದ್ದಾಡುತ್ತಾ ಕೂತರು. ಕೊನೆಗೆ ಎದುರು ಮನೆಯ ಅಜ್ಜ ಉದ್ದನೆಯ ಕೋಟು ಹಾಕಿಕೊಂಡು, ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ ತಂದು, ಒಂದೇ ತಿರುವಿಗೆ ನೀರು ನಿಲ್ಲಿಸಿದರು.

"ಇಂಗ್ಲೆಂಡಿನಲ್ಲಿ ಇದಕ್ಕೆ ಏನು ಮಾಡ್ತಾರೆ ಮಗಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಇವರಿಗೆ ಉತ್ತರ ಕೊಡಲು ದವಡೆ ಸಹಕರಿಸಲಿಲ್ಲ.

ಒಳಗೆ ಕರೆತಂದು, ಬಟ್ಟೆ ಬದಲಾಯಿಸಿ, ನನ್ನ ಎರಡೂ ಶಾಲು ಹೊದಿಸಿ ಸೋಫಾದಲ್ಲಿ ಕೂರಿಸಿದೆವು. ಇಂಥ ಸಮಯ ಮತ್ತೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. "ಏನ್ರೀ, ಹೀಟ್ ಏರಿಸ್ಲಾ?" ಎಂದು ಕೇಳಿದೆ.

"ಬೇ... ಬೇಡ. ಸ್ವಲ್ಪ ಒದ್ದೆ ಆಯ್ತು, ಅಷ್ಟೇ. ಲೀ... ಲೀಡ್ಸಲ್ಲಿ ಇದರ..."

"ಸುಮ್ನಿರೋ ಸಾಕು!" ಅತ್ತೆ ಮಗನ ತಲೆ ಒರೆಸುತ್ತಲೇ ಗದರಿದರು. "ಲೀಡ್ಸಂತೆ ಲೀಡ್ಸು. ದಿನಾ ಫೋನ್ ಮಾಡಿ, ಅಮ್ಮಾ ಚಳಿ ತಡೆಯಕ್ಕಾಗ್ತಿಲ್ಲ, ಕೆಲಸ ಬಿಟ್ಟು ಬಂದ್ಬಿಡ್ತೀನಿ ಅಂತ ಅಳ್ತಿದ್ದವನು ಯಾರು? ನಿಮ್ಮಪ್ಪ ಕಂಬಳಿ ಪಾರ್ಸೆಲ್ ಮಾಡಿದ್ದು ಯಾರಿಗೆ?"

"ಅಪ್ಪ ಕ್ರೈ ಮಾಡಿದ್ರಾ?" ಎಂದು ಮಗಳು ಕಣ್ಣರಳಿಸಿದಳು.

ಭಾನುವಾರ ತಾನೇ, ಸರಿಯಾಗಿ ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಮಗಳು ಸ್ಪೀಕರ್ ಒತ್ತಿದಳು. "ಈ ಸಲ ಇಲ್ಲಿ ಏನೂ ಚಳಿ ಇಲ್ಲ ಮಾರಾಯ" ಎಂದು ಆ ಕಡೆಯಿಂದ ಶುರುವಾಯಿತು.

"ಅದಿರಲಿ, ನೀನೇ ಹೇಳಪ್ಪಾ" ಅಂದರು ಅತ್ತೆ. "ಇವನು ಅಲ್ಲಿ ಹೆಂಗಿದ್ದ?"

"ಅಯ್ಯೋ ಆಂಟಿ, ನಮಸ್ಕಾರ! ಇವನಾ? ಹೀಟರ್ ಬಿಟ್ಟು ಏಳ್ತಿದ್ದನಾ ಅವನು? ಬಸ್ ನಿಂತೋದ ದಿನ ನಾನು ನಡ್ಕೊಂಡು ಆಫೀಸಿಗೆ ಹೋದೆ, ಇವನು ಕಂಬಳಿ ಹೊದ್ಕೊಂಡು ಕಿಟಕಿಯಿಂದ ಟಾಟಾ ಮಾಡಿದ."

ಪಾದದಿಂದ ಸೊಂಟದವರೆಗೆ ಏರಿದ ಹಿಮವೆಲ್ಲ ಒಂದೇ ಮಾತಿಗೆ ಕರಗಿಹೋಯಿತು. ಯಜಮಾನರು ನನ್ನನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು. ಶಾಲಿನೊಳಗಿಂದ ಮೂಗು ಮಾತ್ರ ಕಾಣುತ್ತಿತ್ತು. ಆಮೇಲೆ ತುಂಬಾ ಸಣ್ಣ ದನಿಯಲ್ಲಿ ಅಂದರು:

"ಚಳಿ ಆಗ್ತಿದೆ ಕಣೇ. ಹೀಟ್ ಏರಿಸು."

ಇಷ್ಟು ವರ್ಷ ಕಾದ ಮಾತು. ಕೇಳಿದ ದಿನ ಕುಣಿದಾಡುತ್ತೇನೆ ಅಂದುಕೊಂಡಿದ್ದೆ. ಆದರೆ ಅವರು ಹೊರಗೆ ಮುಚ್ಚಳದ ಜೊತೆ ಗುದ್ದಾಡಿದಷ್ಟು ಹೊತ್ತೂ ಗರಾಜಿನಲ್ಲಿ ನೀರು ಬಳಿದು ಬಳಿದು ನನ್ನ ಕೈಕಾಲು ಸೋತಿದ್ದವು, ಕುಣಿಯಲು ಏನೂ ಉಳಿದಿರಲಿಲ್ಲ. ಎದ್ದು ಹೋಗಿ ಥರ್ಮೋಸ್ಟ್ಯಾಟ್ ಒತ್ತಿದೆ. ಮತ್ತೆ ಒತ್ತಿದೆ. ಅದರ ಮುಖ ಖಾಲಿಯಾಗಿತ್ತು. ಆಗ ಹೊಳೆಯಿತು. ಮನೆಗೆಲ್ಲ ಶಾಖ ಕೊಡುವ ಮಷಿನ್ ಇರುವುದು ಗರಾಜಿನಲ್ಲಿ, ಸೀಳಿದ ಪೈಪಿನ ನೇರ ಎದುರಿಗೆ.

"ಏನಾಯ್ತೇ?" ಅಂದರು ಶಾಲಿನೊಳಗಿಂದ.

ನಾನು ಹಿಂದಕ್ಕೆ ಬಂದು, ಅವರ ಮೈಮೇಲಿದ್ದ ಎರಡು ಶಾಲಿನಲ್ಲಿ ಒಂದನ್ನು ಎಳೆದುಕೊಂಡು ಹೊದ್ದು ಪಕ್ಕದಲ್ಲೇ ಕೂತೆ.

"ಬಿಡಿ ಅತ್ಲಾಗೆ. ಇದೂ ಒಂದು ಚಳೀನಾ ರೀ?"