ಮಾವನವರು ಮಗ್ಗ ನಿಲ್ಲಿಸಿದ್ದು

ನಮ್ಮ ಮಾವನವರಿಗೆ ದೇವರು ಕಣ್ಣು ಕೊಟ್ಟಿರುವುದು ಕನ್ನಡಕ ಹಾಕಿಕೊಳ್ಳುವುದಕ್ಕೆ ಮಾತ್ರ. ಪ್ರಪಂಚವನ್ನೆಲ್ಲ ಅವರು ಕಿವಿಯಲ್ಲೇ ನೋಡುತ್ತಾರೆ. ನಂಬುವುದಿಲ್ಲವೇ? ದೊಡ್ಡಬಳ್ಳಾಪುರದಲ್ಲಿ, ಪವರ್‌ಲೂಮ್ ಮಗ್ಗಗಳ ಪಕ್ಕದ ಕೋಣೆಯಲ್ಲೇ ಹುಟ್ಟಿ ಬೆಳೆದವರು, ಸದ್ದು ಕೇಳಿಯೇ ಯಂತ್ರದ ರೋಗ ಕಂಡುಹಿಡಿಯುತ್ತಾರೆ. ಒಮ್ಮೆ ಬೆಂಗಳೂರು ಬಸ್ಸನ್ನೇ ನಿಲ್ಲಿಸಿ, "ಡ್ರೈವರ್ರೇ, ಹಿಂದಿನ ಚಕ್ರ ಕುಯ್ ಅಂತಿದೆ, ನೋಡಿ" ಅಂದರಂತೆ. ಡ್ರೈವರ್ ಹಿಂದೆ ಬಂದು ನೋಡಿ, "ಯಜಮಾನ್ರೇ, ಅದು ಚಕ್ರ ಅಲ್ಲ, ಕೊನೇ ಸೀಟಿನವರ ಗೊರಕೆ" ಅಂದ. ಮಾವನವರಿಗೆ ನಾಚಿಕೆಯೇ? "ಆದ್ರೂ ಸ್ವಲ್ಪ ಎಣ್ಣೆ ಬೇಕು" ಅಂತ ಕೂತರು!

ಇಂಥವರನ್ನು ಕಟ್ಟಿಕೊಂಡು ನಾನು ಸ್ಕ್ಯಾನಿಂಗಿಗೆ ಹೋದೆ. ಗಂಡನಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಕ್ಕಿರಲಿಲ್ಲ. ಹಿಂದೊಂದು ಬಸಿರು ನಿಲ್ಲದೆ ಹೋಗಿತ್ತು; ಈ ಸಲವೂ ಹಾಗಾದರೆ ಎಂಬ ಹೆದರಿಕೆ ನನಗೆ. ಡಾಕ್ಟರಮ್ಮ ನೋಡಿ, "ಎದೆಬಡಿತ ಇನ್ನೂ ಕಾಣ್ತಿಲ್ಲ. ಬೇಗ ಬಂದಿದೀರಿ, ಹತ್ತು ದಿನ ಬಿಟ್ಟು ಬನ್ನಿ" ಅಂದರು.

ಬಾಗಿಲಾಚೆಯಿಂದಲೇ ಕೇಳಿಸಿಕೊಂಡ ಮಾವನವರು ಬಿಡಬೇಕಲ್ಲ! "ಗುಂಡಿಗೆ ಹೆಂಗಾಯ್ತದೆ ಡಾಕ್ಟ್ರೇ?"

"ಮೊದಲು ಒಂದು ಸಣ್ಣ ಕೊಳವೆ ಅಷ್ಟೆ. ಅದು ಬಡಿಯೋಕೆ ಶುರು ಮಾಡುತ್ತೆ. ಆಮೇಲೆ ಬಾಗಿ ಮಡಚಿಕೊಳ್ಳುತ್ತೆ, ಒಳಗೆ ಗೋಡೆ ಏಳುತ್ತೆ, ನಾಲ್ಕು ಕೋಣೆ ಆಗುತ್ತೆ."

"ಅಂದ್ರೆ ಮಗ್ಗ ಪೂರ್ತಿ ಜೋಡಿಸೋಕೆ ಮುಂಚೇನೇ ಸ್ವಿಚ್ ಹಾಕೋದಾ?"

"ಹಂಗೇ ಅನ್ಕೊಳ್ಳಿ."

ಮನೆಗೆ ಬಂದವರೇ ಮಗ್ಗಗಳನ್ನೆಲ್ಲ ನಿಲ್ಲಿಸಿಬಿಟ್ಟರು. ಈಗಷ್ಟೇ ಶುರುವಾಗುವ ಗುಂಡಿಗೆ ಮಗ್ಗದ ತಾಳ ಕಲಿತುಬಿಟ್ಟರೆ ಏನು ಗತಿ?

"ನಿಮ್ಮ ಮಗನೂ ಇದೇ ಸದ್ದಲ್ಲಿ ಹುಟ್ಟಿದ್ದಲ್ವಾ?" ಅಂದರು ಅತ್ತೆ.

"ಅದಕ್ಕೇ ಕಣೇ ಅವನು ಒಂದ್ ಕಡೆ ನಿಲ್ಲಲ್ಲ."

ನಮ್ಮ ಬೀದಿಯಲ್ಲಿ ಹೀಗೆ ಇದ್ದಕ್ಕಿದ್ದಂತೆ ಮಗ್ಗ ನಿಲ್ಲುವುದು ಸಾವಿನ ಮನೆಯಲ್ಲಿ. ಮರುದಿನ ಎದುರುಮನೆಯವರು ಹೂವಿನ ಹಾರ ಹಿಡಿದೇ ಬಂದರು.

"ಯಾರಪ್ಪಾ ಹೋದ್ರು?"

"ಯಾರೂ ಹೋಗಿಲ್ಲ. ಬರ್ತಾವ್ರೆ" ಅಂದರು ಮಾವನವರು.

ಮೂರು ತಿಂಗಳು ತುಂಬುವವರೆಗೆ ಯಾರ ಕಿವಿಗೂ ಬೀಳಬಾರದೆಂದು ಕಟ್ಟಪ್ಪಣೆ ಮಾಡಿದ್ದ ಅತ್ತೆ ತಲೆ ಚಚ್ಚಿಕೊಂಡರು. ಎದುರುಮನೆಯವರು ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೇ ಕಾಫಿ ಕುಡಿದು ಹೋದರು.

ಮತ್ತೆ ಹೋದಾಗ ಡಾಕ್ಟರಮ್ಮ ಮಾವನವರನ್ನೂ ಒಳಗೆ ಕರೆದರು. ಪರದೆಯ ಮೇಲೆ ಅಕ್ಕಿಕಾಳಿನಷ್ಟು ಏನೋ ಒಂದು ಮಿಣಮಿಣ ಅನ್ನುತ್ತಿತ್ತು. "ಬಡೀತಿದೆ ನೋಡಿ" ಅಂದರು. ಅಬ್ಬಾ, ಹೋದ ಜೀವ ಬಂದಂತಾಯಿತು! ಮಾವನವರು ಪರದೆಗೇ ಕಿವಿ ಹಚ್ಚಲು ಹೊರಟರು.

"ಸದ್ದು ಆಮೇಲೆ ಕೇಳಿಸ್ತೀನಿ ಯಜಮಾನ್ರೇ" ಎಂದು ಡಾಕ್ಟರಮ್ಮ ನಕ್ಕರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. "ಇನ್ನು ಮಗ್ಗ ಓಡಿಸಬಹುದಲ್ಲ ಮಾವ?" ಅಂದೆ.

ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ಓಡಿಸೋಣ. ಮೊದ್ಲು ನೀನು ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡು ತಾಯಿ. ಮಗ್ಗ ನಿಂತ್ಮೇಲೆ ಗೊತ್ತಾಯ್ತು, ನೀನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀಯ ಅಂತ. ಹೋದ್ ಸಲಾನೂ ಹಿಂಗೇ ಅಳ್ತಿದ್ದೆ ಏನೋ. ನಂಗೆ ಕೇಳಿಸ್ಲೇ ಇಲ್ಲ ಕಣಮ್ಮ."